ಬೇಲಿಯೊಳಗಿನ ಮರಳು

"ಗುಡ್ಲು ಎಕ್ಕಡೇ, ದೊಂಗಮುಂಡಾ?"

ಅರಣ್ಯ ಇಲಾಖೆಯ ಕಾವಲುಗಾರ ಹಂಪಮ್ಮನ ಜುಟ್ಟು ಹಿಡಿದು ಬಲೆಯ ಬೇಲಿಯಿಂದ ಹೊರಗೆಳೆದ. ಹೈದರಾಬಾದಿನ ಉಪ್ಪಲ್‌ನಲ್ಲಿ ಇಟ್ಟಿಗೆ ಹೊತ್ತು ತೆಲುಗು ಕಲಿತವಳು ಹಂಪಮ್ಮ. ಮೊಟ್ಟೆ ಎಲ್ಲಿ ಎಂದು ಕೇಳುತ್ತಿದ್ದಾನೆಂದು ತಿಳಿಯಿತು. ಕೈಗೆ ಮೆತ್ತಿದ ಮರಳನ್ನು ಸೀರೆಗೆ ಒರೆಸಿಕೊಂಡಳು. ಕುಪ್ಪಸ ಒದ್ದೆಯಾಗಿತ್ತು. ಸೆರಗು ಎಳೆದುಕೊಂಡಳು.

ಹೊಳೆ ಕಡಲು ಸೇರುವ ಆ ಸಣ್ಣ ಊರಿಗೆ ಅವಳನ್ನೂ ಗಂಡ ಅಂಬಣ್ಣನನ್ನೂ ಹೈದರಾಬಾದಿನಿಂದ ಕರೆತಂದವನು ಗುರುಸಿದ್ದಪ್ಪ. ಅವನೂ ಇವರಂತೆ ರಾಯಚೂರು ಕಡೆಯವನೇ. ಆಮೆ ನೋಡಲು ಬರುವವರಿಗೆಂದು ಹೊಳೆದಂಡೆಯಲ್ಲಿ ವಸತಿಗೃಹ ಕಟ್ಟಿಸುತ್ತಿದ್ದ. ಅಲ್ಲಿ ಹಂಪಮ್ಮನ ಎಳೆಗೂಸಿಗೆ ಜ್ವರ ಏರಿತು. ಆಸ್ಪತ್ರೆಗೆ ಗಾಡಿ ಕೇಳಿದರೆ, ಹೆಂಡತಿ ಮಗಳು ರೈಲಿಗೆ ಬರುತ್ತಿದ್ದಾರೆ, ಅವರನ್ನು ಕರೆತರಬೇಕು, ಸಂಜೆ ನೋಡೋಣ ಅಂದ. ಸಂಜೆಗೆ ನೋಡುವಂಥದ್ದೇನೂ ಉಳಿಯಲಿಲ್ಲ. ಊರ ಮಸಣದಲ್ಲಿ ಹೊರಗಿನವರಿಗೆ, ಅದರಲ್ಲೂ ಇವರ ಜಾತಿಯವರಿಗೆ ಜಾಗವಿಲ್ಲವೆಂದರು ಹಿರಿಯರು. ಎಲ್ಲಾದರೂ ಮುಗಿಸಿ ಕೆಲಸಕ್ಕೆ ಬನ್ನಿ ಎಂದ ಗುರುಸಿದ್ದಪ್ಪ. ದಂಡೆಯ ತುಂಬ ನಾಯಿಗಳು. ಅವು ನುಗ್ಗದ ಜಾಗ ಒಂದೇ, ಆಮೆಗಳು ಮೊಟ್ಟೆಯಿಡಲೆಂದು ಬೇಲಿ ಹಾಕಿದ ಮರಳು. ಮುಸ್ಸಂಜೆಯಲ್ಲಿ ಗಂಡಹೆಂಡಿರು ಕೂಸನ್ನು ಅಲ್ಲೇ ಮಣ್ಣು ಮಾಡಿದರು.

ಇವತ್ತು ಮೂರನೆಯ ದಿನ, ಮಣ್ಣು ಮಾಡಿದಲ್ಲಿಗೆ ಹಾಲು ಬಿಡುವ ದಿನ. ಮೊಲೆ ಬಿಡದ ಕೂಸು ಹೋದರೆ ತಾಯಿ ತನ್ನ ಹಾಲನ್ನೇ ಹಿಂಡಿ ಬಿಡಬೇಕೆಂಬುದು ಅವರ ಕೇರಿಯ ರೂಢಿ. ಅದಕ್ಕೆ ಬಂದು ಸಿಕ್ಕಿಬಿದ್ದಿದ್ದಳು.

ಗುರುಸಿದ್ದಪ್ಪ ಹೆಂಡತಿ ಮಂದಾಕಿನಿಯೊಂದಿಗೆ, ಟೋಪಿ ಹಾಕಿದ ಮಗಳನ್ನು ಕೈಹಿಡಿದುಕೊಂಡು ಬಂದ. ಹಿಂದೆಯೇ ಅಂಬಣ್ಣ. ಕಾವಲುಗಾರ ಕೆದರಿದ ಮರಳನ್ನು ತೋರಿಸಿ, ಮೊಟ್ಟೆಯೆಲ್ಲ ಹೋಗಿರಬೇಕು, ತೋಡು ಎಂದು ಅಂಬಣ್ಣನಿಗೇ ಸಲಿಕೆ ಚಾಚಿದ. ಅಂಬಣ್ಣ ಏನೋ ಹೇಳಲು ಬಾಯಿ ತೆರೆದ. ನಿಜ ಹೊರಬಿದ್ದರೆ ಕೂಸನ್ನು ಮೇಲೆತ್ತಿ ನಾಯಿಗಳ ಪಾಲು ಮಾಡುತ್ತಾರೆ.

"ನೀ ಸುಮ್ಕಿರು," ಅಂದಳು ಹಂಪಮ್ಮ ಗಂಡನಿಗೆ.

"ಏನ್ ಮಾಡಿದ್ಯೇ ಬೋಸುಡಿ? ಖರೇ ಬೊಗಳು," ಅಂದ ಗುರುಸಿದ್ದಪ್ಪ.

ಮೊಟ್ಟೆ ಒಮ್ಮೆ ಮರಳಲ್ಲಿ ಕೂತಮೇಲೆ ಅಲುಗಾಡಿಸಿದರೆ ಒಳಗಿನ ಜೀವ ಸಾಯುತ್ತದೆ ಎಂದು ಕಾವಲುಗಾರ ನಿನ್ನೆ ಇವನ ಹೆಂಡತಿ ಮಗಳಿಗೆ ಹೇಳುವಾಗ, ಹಂಪಮ್ಮ ಬುಟ್ಟಿ ಹೊತ್ತು ಹಾದುಹೋಗಿದ್ದಳು.

"ತತ್ತಿ ಕದ್ದೀನ್ರಿ. ಮ್ಯಾಗಿನವಷ್ಟ ತಿಂದೀನಿ. ಕೆಳಗ ಇನ್ನೂ ಅದಾವ. ತೋಡಿದ್ರ ಅವೂ ಸಾಯ್ತಾವ್ರಿ."

ಗುರುಸಿದ್ದಪ್ಪನ ಕಣ್ಣು ಅವಳ ಒದ್ದೆ ಕುಪ್ಪಸದ ಮೇಲೆ ನಿಂತಿತು. ಅಲ್ಲಿಂದ ಮರಳಿಗೆ ಹೋಯಿತು. ಅವನಿಗೆ ತಿಳಿದುಹೋಯಿತೆಂದು ಅವಳಿಗೂ ತಿಳಿಯಿತು. ಆದರೂ ಅವನು, ಅವಳು ಹೇಳಿದ್ದನ್ನೇ ಕಾವಲುಗಾರನಿಗೆ ತೆಲುಗಿನಲ್ಲಿ ಹೇಳಿದ. ಇವಳು ನಿನ್ನೆ ಮೊನ್ನೆ ಸೇರಿದ ಕೂಲಿ, ನನಗೆ ಸಂಬಂಧವಿಲ್ಲ ಎಂದೂ ಸೇರಿಸಿದ.

ಮಂದಾಕಿನಿ ಮೂಗಿಗೆ ಸೆರಗು ಹಿಡಿದಳು. "ನೀನೂ ಹಡದಾಕಿ ಅಲ್ಲೇನ? ತಿನ್ನೂ ಮುಂದ ಕರಳು ಚುರ್ರ್ ಅನ್ನಲಿಲ್ಲೇನ?"

"ಹಸುವಾಗಿತ್ರಿ ಅಕ್ಕಾರ," ಅಂದಳು ಹಂಪಮ್ಮ.

ಕಾವಲುಗಾರ ಸಲಿಕೆ ಬದಿಗಿಟ್ಟು ಕೆದರಿದ ಮರಳನ್ನು ಅಂಗೈಯಿಂದ ಮೆಲ್ಲಗೆ ಸವರಿ ಸಮ ಮಾಡಿದ. ಫೋನು ಮಾಡಿ ಜೀಪು ತರಿಸಿದ. ಹಂಪಮ್ಮ ತಾನೇ ನಡೆದುಹೋಗಿ ಹತ್ತಿ ಕೂತಳು.

"ಮರಿ ಯಾವಾಗ ಬರ್ತಾವಪ್ಪ?" ಮಗಳು ಕೇಳಿದಳು. ಮಂದಾಕಿನಿ ಅದನ್ನೇ ಕಾವಲುಗಾರನಿಗೆ ತೆಲುಗಿನಲ್ಲಿ ಕೇಳಿದಳು.

ಒಂದೂವರೆ ತಿಂಗಳಾಗಬೇಕು, ಅಷ್ಟರಲ್ಲಿ ಬರದಿದ್ದರೆ ತೋಡಿ ನೋಡುತ್ತೇವೆ ಎಂದ ಕಾವಲುಗಾರ. ಗುರುಸಿದ್ದಪ್ಪ ಮಗಳ ಟೋಪಿ ಸರಿಮಾಡಿದ.

ಗುರುತಿಗೆ ಸುತ್ತಲೂ ಗೂಟ ನೆಡಬೇಕಿತ್ತು. ಆ ಕೆಲಸಕ್ಕೆ ಅಂಬಣ್ಣನನ್ನೇ ಕರೆದರು. ಅವನು ಸುತ್ತಿಗೆ ಎತ್ತಿದಾಗ ಕಾವಲುಗಾರ ಗದರಿದ, ಮೆಲ್ಲಗೆ ಹೊಡಿ, ಒಳಗೆ ಮರಿಗಳಿವೆ.

ಅಂಬಣ್ಣ ಸುತ್ತಿಗೆ ಕೆಳಗಿಟ್ಟ. ಮೊಣಕಾಲೂರಿ, ಗೂಟದ ಮೇಲೆ ಎರಡೂ ಅಂಗೈಯಿಟ್ಟು ಒತ್ತತೊಡಗಿದ.