ಹಣೆಗೂದಲು

ಸತ್ತ ಅಪ್ಪನ ಕಿವಿಯ ಹಿಂದೆ ಉಳಿದಿದ್ದ ನಾಲ್ಕು ಬಿಳಿಗೂದಲನ್ನು ಓಕಿನು ಕ್ಷೌರದ ಕತ್ತಿಯಿಂದ ತೆಗೆಯುತ್ತಿದ್ದಾಗ ಮಸುಯಾ ಒಳಗೆ ಬಂದ. ಸತ್ತವರು ಸನ್ಯಾಸಿಯಾಗಿ ಹೊರಡಬೇಕು. ಶವ ಕೂರಿಸಿ ಒಯ್ಯುವ ಮರದ ಪೀಪಾಯಿ ಬರುವುದರೊಳಗೆ ತಲೆ ಬೋಳಾಗಬೇಕು. ಚಿತ್ರ ಮಾರುವ ಮಸುಯಾ ಊದುಬತ್ತಿ ಹಚ್ಚಿ ಕೈಮುಗಿದ. ಕಣ್ಣು ಮಾತ್ರ ಮೂಲೆಯ ಕೆತ್ತನೆ ಹಲಗೆಯ ಮೇಲಿತ್ತು.

ಕಬುಕಿ ನಾಟಕದ ನಟ ಹಮಾಕುರಾ ಸತ್ತು ನಾಲ್ಕು ದಿನವಾಗಿತ್ತು. ಎದೋ ಪಟ್ಟಣದ ಕಣ್ಣೀರು ಆರುವ ಮೊದಲೇ ಸತ್ತ ನಟನ ಚಿತ್ರ ಅಂಗಡಿಗೆ ಬರಬೇಕು. ಆ ಹಲಗೆಯ ಮುಂದೆ ಊಟಕ್ಕೂ ಏಳದೆ ಕೂತ ಅಪ್ಪ ಗೆನ್‌ಪಾಚಿ, ನಿಲುವಂಗಿಯ ಕೊನೆಯ ಮಡಿಕೆ ಕೆತ್ತಿ ಅಲ್ಲೇ ಒರಗಿ ಪ್ರಾಣ ಬಿಟ್ಟಿದ್ದ.

ಮೂವತ್ತು ವರ್ಷ ಅವನ ಹಲಗೆಗಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಚಿತ್ರ ಒತ್ತಿದ ಮುದುಕ ಯಾಸುಕೆ ಮೂಗೊರೆಸಿಕೊಂಡ. "ಗೆನ್‌ಪಾಚಿ ಕೆತ್ತಿದ ಹಣೆಗೂದಲು ಅಂದ್ರೆ ನಾನು ಉಸಿರು ಬಿಗಿಹಿಡೀತಿದ್ದೆ. ಅಂಥ ಕೈ ಇನ್ನು ಹುಟ್ಟಲ್ಲ."

"ಈ ಸಲ ಚಿತ್ರದ ಮೇಲೆ ಅವನ ಹೆಸರೂ ಹಾಕಿಸ್ತೀನಿ," ಅಂದ ಮಸುಯಾ.

ಓಕಿನು ಕತ್ತಿ ಒರೆಸಿದಳು. "ಕೂದಲು ಕೆತ್ತಿದ್ದು ನಾನು."

\*

ಏಳು ವರ್ಷದ ಹಿಂದೆ ಅಪ್ಪನ ಕಣ್ಣಿಗೆ ಪೊರೆ ಬಂತು. ಉಗುರಿನಗಲದಲ್ಲಿ ಇಪ್ಪತ್ತು ಕೂದಲೆಳೆ ಉಬ್ಬಿ ನಿಲ್ಲುವಂತೆ ಬಿಡಿಸಬೇಕಾದ ಕಡೆ ಮೂರು ಮುರಿದು, ಚಾಕುವನ್ನು ಅವಳತ್ತ ತಳ್ಳಿದ. "ಬಾಗಿಲು ಸರಿಸಿ ಮುಚ್ಚು. ಯಾರಿಗೂ ಹೇಳ್ಬೇಡ." ಆಮೇಲೆ ಹೊಗಳಿಕೆಯೆಲ್ಲ ಅವನ ಕಿವಿಗೆ. ಹೊಗಳುವವರಿಗೆ ಸಾಕೆ ಮದ್ಯ ಬಗ್ಗಿಸುತ್ತಿದ್ದವಳು ಅವಳೇ. ಒಮ್ಮೆ ಅವಳು ಬಟ್ಟಲು ಕುಕ್ಕಿದಾಗ ಅಪ್ಪ ಮೆಲ್ಲಗೆ ಅಂದಿದ್ದ: "ನಾನು ಹೋದ್ಮೇಲೆ ಯಾಸುಕೆ ಹೇಳ್ತಾನೆ. ಅವನಿಗೆ ಗೊತ್ತು."

\*

ಅವಳು ಯಾಸುಕೆಯನ್ನೇ ನೋಡಿದಳು. ಅವನು ತನ್ನ ಕಪ್ಪು ಉಗುರುಗಳನ್ನು ನೋಡಿಕೊಂಡ.

ಮಸುಯಾ ನಕ್ಕ. "ಹೆಂಗಸಿನ ಕೈ ಅಂದ್ರೆ ಯಾರು ಕೊಳ್ತಾರಮ್ಮಾ? ದುಃಖದಲ್ಲಿ ಬಾಯಿಗೆ ಏನೇನೋ ಬರುತ್ತೆ. ಹಲಗೆ ಕೊಡು."

"ತಾಳಿ. ಸ್ವಲ್ಪ ಕೆಲಸ ಉಳಿದಿದೆ."

ಅವಳು ಮೂಲೆಗೆ ಹೋಗಿ, ಅವರಿಗೆ ಬೆನ್ನು ಹಾಕಿ ಕೂತು ಚಪ್ಪಟೆ ಉಳಿ ಹಿಡಿದಳು. ನಾಲ್ಕೇ ತಳ್ಳು. ಚೆರ್ರಿ ಮರದ ಹೊಟ್ಟು ಮಡಿಲಿಗೆ ಅಂಟಿದ್ದ ಅಪ್ಪನ ಬಿಳಿಗೂದಲ ಮೇಲೆ ಉದುರಿತು. ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಿಂದ, ಮರ್ಯಾದೆಯಾಗಿ ಮಸುಯಾನ ಮುಂದಿಟ್ಟಳು.

"ಸತ್ತವರ ತಲೆ ಬೋಳಿಸೋದು ಪದ್ಧತಿ ಅಲ್ವಾ, ಯಜಮಾನ್ರೇ?"

ಮಸುಯಾ ಗಂಟು ಬಿಚ್ಚಿದ. ಯಾಸುಕೆ ಬಾಗಿದ. ಮೂವತ್ತು ವರ್ಷದ ರೂಢಿಯಂತೆ ಅವನ ಹೆಬ್ಬೆರಳು ನಟನ ಹಣೆಯಿಂದ ನೆತ್ತಿಯವರೆಗೆ ಹರಿಯಿತು, ಒಂದು ಎಳೆಯೂ ತಡೆಯಲಿಲ್ಲ.