ಆಟಿ ಕಳೆಯಲಿ

ನನ್ನ ಗಂಡ ಆಟಿ ಗೀಟಿ ಒಂದನ್ನೂ ನಂಬಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಂಕನಾಡಿಯಲ್ಲಿ ನನ್ನ ಅಣ್ಣನ ಮನೆಯಲ್ಲಿ ದಿನಕ್ಕೆ ಒಂದು ಸಲವಾದರೂ ಇದಕ್ಕೆ ವಿರುದ್ಧದ ಮಾತು ಕೇಳುತ್ತಾ ನಾನು ಕುಳಿತಿದ್ದೇನೆ.

ಆಟಿ ಎಂದರೆ ಮಳೆಗಾಲದ ನಟ್ಟನಡುವಿನ ತಿಂಗಳು. ತುಳುವರಾದ ನಾವು ಆಗ ಮದುವೆ ಮಾಡುವುದಿಲ್ಲ, ಮನೆ ಒಕ್ಕಲಾಗುವುದಿಲ್ಲ, ಹೊಸದು ಯಾವುದಕ್ಕೂ ಕೈ ಹಾಕುವುದಿಲ್ಲ. ಇವರು ಅದಕ್ಕೂ ನಗಾಡುತ್ತಿದ್ದರು. "ಆಟಿ ಅಂತ ಕಚೇರಿಗೆ ರಜೆ ಕೊಡಲಿ, ಆಗ ನಾನೂ ನಂಬ್ತೇನೆ" ಎನ್ನುತ್ತಿದ್ದರು.

ಇಪ್ಪತ್ತಾರು ವರ್ಷ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮೂವತ್ತಾರನೇ ಇಸವಿಯಲ್ಲಿ, ಇನ್ನೂ ನಲವತ್ತೇಳರ ಪ್ರಾಯ, ಎದೆಯ ಬೇನೆ ಹತ್ತಿಕೊಂಡಿತು. ಕಚೇರಿಯ ಮೆಟ್ಟಿಲಲ್ಲಿ ಎರಡು ಸಲ ಕುಸಿದು ಕೂತರು. ಪೂರ್ತಿ ಪ್ರಾಯವಾಗುವ ಮೊದಲೇ ಪೆನ್ಶನ್ ಕೊಟ್ಟು ಮನೆಗೆ ಕಳುಹಿಸಿದರು.

ಆಗ ನಾವು ಬಿಜೈಯಲ್ಲಿ ಹೆಲನ್ ಬಾಯಿಯ ಬಾಡಿಗೆ ಮನೆಯಲ್ಲಿದ್ದೆವು. ನಾನು, ಇವರು, ಹದಿನಾಲ್ಕರ ಮಗಳು ಮನೋರಮಾ. ಹೆಲನ್ ಬಾಯಿ ಬೊಂಬಾಯಿಯಲ್ಲಿದ್ದ ಮಗಳ ಮನೆಗೆ ಹೊರಟಿದ್ದಳು. ಮನೆಯನ್ನು ಒಂಬೈನೂರು ರೂಪಾಯಿಗೆ ನಮಗೇ ಕೊಡುತ್ತೇನೆ ಎಂದಳು. "ಬೇರೆಯವರಿಗೆ ಕೊಟ್ಟರೆ ನಿಮ್ಮ ತುಳಸಿಕಟ್ಟೆ ಕಿತ್ತು ಹಾಕ್ತಾರೆ ಬಾಯಿ, ನನಗೆ ಬೇಜಾರು" ಎಂದು ಆ ಕ್ರಿಸ್ತುವರ ಹೆಂಗಸು ನನ್ನ ಕೈ ಹಿಡಿದುಕೊಂಡಳು.

ಅದೇ ಸಂಜೆ ಇವರು ಜಗಲಿಯಲ್ಲಿ ನನ್ನನ್ನು ಎದುರು ಕೂರಿಸಿಕೊಂಡರು.

"ನೋಡು ಸತ್ಯ, ಎರಡು ದಾರಿ ಉಂಟು. ನಾನು ಇರುವವರೆಗೆ ತಿಂಗಳಿಗೆ ಇಪ್ಪತ್ತಾರು ರೂಪಾಯಿ ತಕೊಳ್ಳುವುದು, ಒಂದು. ಅದರಲ್ಲಿ ಅರ್ಧವನ್ನು ಸರಕಾರಕ್ಕೇ ಮಾರಿ ಒಂದೇ ಸಲ ಸಾವಿರದಷ್ಟು ತಕೊಳ್ಳುವುದು, ಇನ್ನೊಂದು. ಆಮೇಲೆ ತಿಂಗಳಿಗೆ ಹದಿಮೂರು ಮಾತ್ರ."

"ಹದಿಮೂರರಲ್ಲಿ ಹೇಗೆ ಆಗ್ತದೆ?"

"ಮನೆ ನಮ್ಮದಾದರೆ ಆಗ್ತದೆ. ನಾನು ಹೋದ ಮೇಲೆ ನಿಮಗೆ ಪೆನ್ಶನ್ ಇಲ್ಲ, ಒಂದು ಕಾಸೂ ಇಲ್ಲ. ತಲೆಯ ಮೇಲೆ ಮಾಡಾದರೂ ಇರಲಿ."

"ದುಡ್ಡು ಸುಮ್ಮನೆ ಕೊಡ್ತಾರಾ?"

"ದೊಡ್ಡ ಡಾಕ್ಟರು ನೋಡಿ ರುಜು ಹಾಕಬೇಕು. ನಾನು ಇನ್ನೆಷ್ಟು ವರ್ಷ ಬಾಳಿಕೆ ಬರ್ತೇನೆ ಅಂತ ಬರೀತಾರೆ. ಎತ್ತಿನ ಹಲ್ಲು ನೋಡ್ತಾರಲ್ಲ, ಹಾಗೆ."

ಹೇಳಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇವರ ಆಯುಸ್ಸನ್ನು ಯಾವನೋ ಡಾಕ್ಟರು ಕಾಗದದಲ್ಲಿ ಬರೆಯುವುದು, ಅದಕ್ಕೆ ಸರಕಾರ ಕ್ರಯ ಕಟ್ಟುವುದು, ಆ ದುಡ್ಡಿನ ಮನೆಯಲ್ಲಿ ನಾನು ಕಸ ಗುಡಿಸುವುದು! ಒಟ್ಟು ದುಡ್ಡು ತೆಗೆದುಕೊಂಡರೆ ಇವರು ಸಾಯುತ್ತಾರೆ ಎಂದು ನಾವಿಬ್ಬರೂ ಕೂತು ಒಪ್ಪಿಕೊಂಡ ಹಾಗಾಯಿತಲ್ಲ. ನನಗೆ ಬೇಕಾದದ್ದು ತಿಂಗಳು ತಿಂಗಳು ಬರುವ ಇಪ್ಪತ್ತಾರು ರೂಪಾಯಿ. ನನ್ನ ತಲೆ ಪೂರ್ತಿ ಬೆಳ್ಳಗಾಗುವವರೆಗೆ, ಇವರೇ ಕೊಡೆ ಹಿಡಿದುಕೊಂಡು ಹೋಗಿ ತರುವ ದುಡ್ಡು.

ಆದರೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನಾಲಗೆ ಏಳಲಿಲ್ಲ. ಇವರು ಅರ್ಜಿ ಹಾಕಿದರು, ಡಾಕ್ಟರು ಬರಹೇಳಿದ ಕಾಗದ ಬಂತು. ಜುಲಾಯಿ ಇಪ್ಪತ್ತೆಂಟು. ನಾನು ಪಂಚಾಂಗ ನೋಡಿದೆ.

"ಆಟಿಯಲ್ಲಿ ಬೇಡ" ಎಂದೆ.

ಇವರು ಓದುತ್ತಿದ್ದ ಪತ್ರಿಕೆ ಕೆಳಗಿಟ್ಟರು. "ಆಟಿಯಾ?"

"ಹೌದು, ಆಟಿ. ಮನೆ ಮಾಡುವ ದುಡ್ಡು, ಒಳ್ಳೆ ತಿಂಗಳಲ್ಲೇ ಬರಲಿ. ಆಟಿ ಕಳೆಯಲಿ."

ನನ್ನ ಮುಖ ನೋಡಿದರು. ನಗಾಡಲಿಲ್ಲ. ಅಲ್ಲೇ ನನಗೆ ಗೊತ್ತಾಗಬೇಕಿತ್ತು.

"ಆಟಿ ಕಳೆದ ಮೇಲೆ ಒಪ್ತೀಯಲ್ಲ?"

"ಒಪ್ತೇನೆ."

ಸುಳ್ಳು. ಆಟಿ ಕಳೆದರೆ ಮುಂದೆ ಪಿತೃಪಕ್ಷ ಉಂಟಲ್ಲ ಎಂದು ನಾನು ಒಳಗೊಳಗೇ ದಾರಿ ಹುಡುಕಿ ಇಟ್ಟಿದ್ದೆ. ಹಾಗೆಯೇ ಒಂದರ ಹಿಂದೆ ಒಂದು ನೆಪ ಹೇಳಿಕೊಂಡು ಇವರನ್ನು ನೂರು ವರ್ಷ ಬದುಕಿಸಬಹುದು ಎಂದು ನಂಬಿದ್ದ ಮೂರ್ಖಳು ನಾನು. ಮಸಿಕುಡಿಕೆಯನ್ನು ನಾನೇ ತಂದಿಟ್ಟೆ. ಇವರು ನನಗೆ ಓದಲು ಬಾರದ ಇಂಗ್ಲಿಷಿನಲ್ಲಿ ಕಚೇರಿಗೆ ನಾಲ್ಕು ಸಾಲು ಗೀಚಿ ಮಡಚಿದರು. "ಬರೆದಾಯ್ತು ಮಾರಾಯ್ತಿ. ಇನ್ನಾದರೂ ಸರಿಯಾಗಿ ಊಟ ಮಾಡು" ಎಂದರು.

ಆಗೋಸ್ತು ಒಂಬತ್ತರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮನೋರಮಾಳನ್ನು ಕರೆದರು. ಅವಳು ಹೂ ಕೊಯ್ಯುತ್ತಿದ್ದವಳು ಓಡಿ ಬಂದಳು. ಲೋಟ ಮಗುಚಿ ಬಿದ್ದಿತ್ತು. ಆಟಿ ಕಳೆಯಲು ಇನ್ನು ಒಂದು ವಾರ ಇತ್ತು.

ಬಿಜೈಯ ಮನೆ ಬಿಟ್ಟೆವು. ಅಣ್ಣ ರಾಧಾಕೃಷ್ಣ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಬಂದ. ಕೆಟ್ಟವನಲ್ಲ, ಶಾಲೆಯ ಮಾಸ್ತರಿಕೆಯ ಸಂಬಳದಲ್ಲಿ ಏಳು ಜನರಿಗೆ ಅನ್ನ ಹಾಕುವವನು. ಹದಿನೈದು ದಿನ ಕಳೆದ ಮೇಲೆ ಇವರ ಜೊತೆ ಕೆಲಸ ಮಾಡಿದ್ದ ಗುಮಾಸ್ತರೊಬ್ಬರು ಬಂದರು. ಆಗೋಸ್ತಿನಲ್ಲಿ ಇವರು ಬದುಕಿದ್ದ ಒಂಬತ್ತು ದಿನದ ಪೆನ್ಶನ್, ಏಳೂವರೆ ರೂಪಾಯಿ, ನನ್ನ ರುಜುವಿಗೆ ತಂದಿದ್ದರು. ನಾನು ಬಾಗಿಲ ಹಿಂದೆ ಕೂತಿದ್ದೆ.

"ಡಾಕ್ಟರ ರುಜು ಒಂದು ಬಿದ್ದಿದ್ದರೆ ಸಾಕಿತ್ತು" ಎಂದು ಅವರು ಅಣ್ಣನಿಗೆ ಹೇಳಿದರು. "ಮರುದಿನ ಹೋದರೂ ಸಾವಿರ ರೂಪಾಯಿ ಮನೆಯವರಿಗೆ ಬರ್ತಿತ್ತು. ಆದರೆ ನಿಮ್ಮ ಭಾವ ವಿಷ್ಣುಮೂರ್ತಿರಾಯರು ಎಂತ ಬರೆದರು ಗೊತ್ತುಂಟಾ? 'ನನಗೆ ಆಟಿ ತಿಂಗಳಲ್ಲಿ ನಂಬಿಕೆ ಉಂಟು. ಮನೆಯವರು ಹೋಗಿ ಅಂತ ಎಷ್ಟು ಹೇಳಿದರೂ ಈ ತಿಂಗಳಲ್ಲಿ ನಾನು ಬರುವವನಲ್ಲ.' ಅದನ್ನು ಓದಿ ಕಚೇರಿ ಇಡೀ ನಗಾಡಿತು."

ಅಣ್ಣ ಹಣೆ ಚಚ್ಚಿಕೊಂಡ. "ಭಾವ ಅಷ್ಟು ಓದಿದ್ದು ಎಂತಕ್ಕೆ ಮಾರಾಯ್ರೇ!"

ಇವರು ತಪ್ಪನ್ನು ಪೂರ್ತಿ ತಮ್ಮ ಮೇಲೆ ಹಾಕಿಕೊಂಡು, ನಾಳೆ ಯಾರೂ ನನ್ನತ್ತ ಬೆರಳು ತೋರಿಸಬಾರದೆಂದು ನನ್ನ ಹೆಸರಿಗೆ ಬುದ್ಧಿವಂತಿಕೆಯನ್ನೂ ಬರೆದು ಹೋಗಿದ್ದರು. ಅಂದರೆ ಇವರಿಗೆ ಎಲ್ಲ ಗೊತ್ತಿತ್ತು. ನನ್ನ ಹೆದರಿಕೆಯೂ, ಆಟಿ ಬರಿಯ ನೆಪ ಎಂಬುದೂ, ತಮ್ಮ ದಿನ ಹತ್ತಿರ ಬಂದದ್ದೂ. ಆದರೂ ನನ್ನ ಮೇಲೆ ಒತ್ತಾಯ ಮಾಡಲು ಮನಸ್ಸು ಬಾರದೆ ಹೋಯಿತು.

ಆಗ ನಾನು ಎದ್ದು, ಅದು ಇವರಲ್ಲ, ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಣ್ಣನ ಅನ್ನ, ಅತ್ತಿಗೆಯ ಅಡಿಗೆಮನೆ, ಹೆದರಿದೆ. ಕಾಗದಕ್ಕೆ ರುಜು ಹಾಕಿ ಏಳೂವರೆ ರೂಪಾಯಿ ತೆಗೆದುಕೊಂಡೆ.

ಈಗ ವರ್ಷ ತುಂಬಿತು. ಅಣ್ಣ ಮನೋರಮಾಳಿಗೆ ಸಂಬಂಧ ನೋಡಿದ್ದಾನೆ. ಹೆಂಡತಿ ತೀರಿಹೋದವರು, ಇಬ್ಬರು ಮಕ್ಕಳಿದ್ದಾರೆ, ಆದರೆ ವರದಕ್ಷಿಣೆ ಬೇಡವಂತೆ. ಸ್ವಂತ ಮನೆಯೊಂದು ಇದ್ದಿದ್ದರೆ ಬೇಡ ಎನ್ನುವ ಬಾಯಿ ನನಗೆ ಇರುತ್ತಿತ್ತು. ಇವತ್ತು ಬೆಳಿಗ್ಗೆ ಇವರ ವರ್ಷಾಂತಿಕಕ್ಕೆ ಅಡಿಗೆ ಮಾಡುತ್ತಿದ್ದೆವು. ಮನೋರಮಾ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಪ್ಪನಿಗೆ ನನಗಿಂತ ಆಟಿಯೇ ಹೆಚ್ಚಾಯ್ತಲ್ಲ ಅಮ್ಮ" ಎಂದಳು. "ನಾನು ಇವತ್ತು ಅವರಿಗೆ ನಮಸ್ಕಾರ ಮಾಡುವುದಿಲ್ಲ."

"ಹಾಗೆ ಹೇಳಬೇಡ ಮಗಾ. ಅವರು ಆಟಿ ನಂಬಿದವರಲ್ಲ."

"ಮತ್ತೆ ಯಾಕೆ ಹೋಗಲಿಲ್ಲ?"

ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದಳು. ಇವರದೇ ಕಣ್ಣು. ಹೇಳಿದರೆ ಅವಳಿಗೆ ಅಪ್ಪ ಸಿಗುತ್ತಾನೆ, ಅಮ್ಮ ಹೋಗುತ್ತಾಳೆ. ನನಗೆ ಈಗ ಉಳಿದಿರುವವಳು ಇವಳೊಬ್ಬಳೇ.

"ನಾಳೆ ಹೇಳ್ತೇನೆ" ಎಂದು ನಾನು ಅನ್ನ ಬಸಿಯಲು ಎದ್ದೆ.