ತೊಟ್ಟಿಲ ಮೇಲಿನ ಕ್ಯಾಮೆರಾ

ಪಿನಾಂಗಿನ ಕಾರ್ಖಾನೆಯ ಗೇಟಿನಲ್ಲಿ ಲಾರಿ ಆಗಲೇ ಹಾರ್ನ್ ಹೊಡೆಯತೊಡಗಿತ್ತು. ಮಲಗಿದ ಮಗುವಿನ ಮೇಲೆ ಕಣ್ಣಿಡುವ ಕ್ಯಾಮೆರಾಗಳ ಪೆಟ್ಟಿಗೆಗಳು ಇವತ್ತೇ ಬ್ರಿಟನ್ನಿನ ಹಡಗು ಸೇರಬೇಕು. ಅದಕ್ಕೆ ಬೇಕಿದ್ದದ್ದು ತಪಾಸಣೆಯ ಹೊಣೆಯಿದ್ದ ರೊಹಾಯುವಿನ ಒಂದು ಸಹಿ: ಈ ಸರಕು ಆ ದೇಶದ ಸುರಕ್ಷತಾ ಕಾನೂನಿಗೆ ತಕ್ಕಂತಿದೆ ಎಂದು.

ರೊಹಾಯು ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇದೆಯಲ್ಲಮ್ಮ," ಎಂದರು ಮಾಲೀಕ ತಿಯೋ. "ಕಾನೂನು ಕೇಳೋದೂ ಅಷ್ಟೇ."

"ಒಂದನ್ನ ನೋಡಿ ಇನ್ನೊಂದನ್ನ ಊಹಿಸೋ ಹಾಗಿರಬಾರದು ಅಂತಲೂ ಇದೆ, ಸರ್. ಇಲ್ಲಿ ಅಕ್ಷರ ಎಲ್ಲ ಒಂದೇ. ಕೊನೆಯ ಅಂಕಿ ಮಾತ್ರ ಏಳೇಳು ಏರ್ತಾ ಹೋಗಿದೆ."

"ಕಳ್ಳ ಕೂತ್ಕೊಂಡು ಏಳರ ಮಗ್ಗಿ ಹೇಳ್ತಾನಾ? ಹಡಗು ತಪ್ಪಿದ್ರೆ ಈ ಗಿರಾಕಿ ಮತ್ತೆ ನಮ್ಮ ಕಡೆ ತಿರುಗಿ ನೋಡಲ್ಲ. ನಿನ್ನಿಂದ ಆಗಲ್ಲ ಅಂದ್ರೆ ಹೇಳಿಬಿಡು, ಆ ಕುರ್ಚಿಗೆ ಬೇರೆಯವರು ಸಿಗ್ತಾರೆ."



ಈದ್ ಹಬ್ಬಕ್ಕೆ ತಿಯೋ ಕೆಲಸದವರಿಗೆಲ್ಲ ಇಂಥದೇ ಕ್ಯಾಮೆರಾ ಹಂಚಿದ್ದರು. ಸಾಲಿನಲ್ಲಿ ನಿಂತು ಇಸಿದುಕೊಂಡವರಿಗೆ ಅಂಕಿಗಳೂ ಸಾಲಾಗಿಯೇ ಬಂದಿದ್ದವು. ಅವತ್ತು ಸಾಲಿನಲ್ಲಿ ರೊಹಾಯುವಿನ ಪಕ್ಕದ ಸರದಿಯವನು ಪರೀಕ್ಷೆ ವಿಭಾಗದ ಮುನಿಯಾಂಡಿ. ಅವಳು ಅವನನ್ನು ಕರೆದಳು.

"ನಿನ್ನ ಕ್ಯಾಮೆರಾದ ಅಂಕಿ ನೆನಪಿದೆಯಲ್ಲ? ಅದರಿಂದ ನಮ್ಮನೇದನ್ನ ತೆಗಿ, ನೋಡೋಣ."

"ಅಯ್ಯೋ ಅಕ್ಕಾ! ಇನ್ನೊಬ್ಬರ ಮನೆ ಇಣುಕಿದೆ ಅಂತ ಗೊತ್ತಾದ್ರೆ ನಮ್ಮಮ್ಮ ಕಾಲು ಮುರೀತಾಳೆ."

"ಮನೆ ನನ್ನದು. ಹೇಳ್ತಿರೋದೂ ನಾನೇ."

ಅವನು ತನ್ನ ಅಂಕಿಗೆ ಏಳು ಕೂಡಿಸಿ ಮೇಜಿನ ಮೇಲಿನ ಫೋನಿನಲ್ಲಿ ಒತ್ತಿದ. ತೆರೆಯಲಿಲ್ಲ. ತಿಯೋ ನಕ್ಕುಬಿಟ್ಟರು. "ನೋಡಿದ್ಯಾ? ಹಾಕು ತಾಯಿ ಸಹಿ."

ರೊಹಾಯು ಮುಚ್ಚಳ ತೆಗೆದಳು. ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ತಲೆ ಎತ್ತಿದಳು.

"ನೀನು ನನ್ನ ಹಿಂದೆ ನಿಂತಿದ್ದೆ, ಮುಂದಲ್ಲ. ಏಳು ಕಳಿ."

ಪರದೆ ಬೆಳಗಿತು. ಸ್ಪ್ರಿಂಗಿಗೆ ತೂಗುಹಾಕಿದ ಬಟ್ಟೆಯ ತೊಟ್ಟಿಲಲ್ಲಿ ಅವಳ ಮಗು. ಪಕ್ಕದಲ್ಲಿ ಅವಳ ಅತ್ತೆ, ತಲೆವಸ್ತ್ರ ತೆಗೆದಿಟ್ಟು, ನರೆತ ಕೂದಲು ಬಿಚ್ಚಿ ಬಾಚಿಕೊಳ್ಳುತ್ತ ಏನೋ ಗುನುಗುತ್ತಿದ್ದರು. ಹೊರಗಿನ ಗಂಡಸರು ಯಾರೂ ನೋಡಿರದ ಕೂದಲು.

ಮುನಿಯಾಂಡಿ ಥಟ್ಟನೆ ಗೋಡೆಯ ಕಡೆ ತಿರುಗಿ ನಿಂತ. ರೊಹಾಯು ಅಂಗೈಯಿಂದ ಪರದೆ ಮುಚ್ಚಿದಳು; ಗುನುಗು ಮಾತ್ರ ಕೇಳುತ್ತಲೇ ಇತ್ತು.

ತಿಯೋ ನೆಲ ನೋಡುತ್ತಿದ್ದರು. ಹಬ್ಬದ ದಿನ ಆ ಮನೆಗೆ ಹೋಗಿ, ಆಕೆ ಬಡಿಸಿದ ರೆಂಡಾಂಗ್ ಉಂಡು ಬಂದವರು ಅವರು.

ಹೊರಗೆ ಲಾರಿ ಮತ್ತೆ ಕೂಗಿತು.

"ಆರಿಸು," ಎಂದರು ತಿಯೋ. "ಲಾರಿಯವನಿಗೆ ಚಹಾ ಕೊಟ್ಟು ಖಾಲಿ ಕಳಿಸಿ. ಪೆಟ್ಟಿಗೆ ಬಿಚ್ಚಿ. ಹಬ್ಬಕ್ಕೆ ಕೊಟ್ಟದ್ದನ್ನೂ ವಾಪಸ್ ತರಿಸಿ."

ರೊಹಾಯು ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಆ ಕ್ಯಾಮೆರಾದ ವಯರ್ ಕಿತ್ತುಬಿಡಿ."

"ಯಾಕೆ? ಮಗು ಚೆನ್ನಾಗಿ ನಿದ್ದೆ ಮಾಡ್ತಿದೆಯಲ್ಲ."

"ಕಿತ್ತುಬಿಡಿ, ಅಮ್ಮಾ."

"ಯಾರಾದ್ರೂ ಮನೆಗೆ ಬರ್ತಿದ್ದಾರಾ?" ಅತ್ತೆಯ ದನಿಯಲ್ಲಿ ಗಾಬರಿ. "ಮೊದಲೇ ಹೇಳಬಾರದಾ! ತಲೆಗೆ ಏನೂ ಹಾಕಿಲ್ಲ ಕಣೇ ನಾನು."